ಧೂಮಕೇತು ಚಿತ್ರಕ್ಕೆ ಮೊದಲ ಆಟೋಗೈಡಿಂಗ್: ಕಲಬುರಗಿ, ಬೀದರ್, ಯಾದಗಿರಿಯವರಿಗೆ ಹಂತ ಹಂತದ ಮಾರ್ಗದರ್ಶಿ

ಹೊಸ ಧೂಮಕೇತು ಕಾಣಿಸಿಕೊಂಡಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಗೈಡ್ ಕ್ಯಾಮೆರಾ ಹಾಕೀನಿ, ಗ್ರಾಫ್ ಕೂಡ ಚೆನ್ನಾಗೇ ಐತಿ, ನಕ್ಷತ್ರ ಎಲ್ಲ ದುಂಡಗೆ ಬರ್ತಾವ. ಧೂಮಕೇತು ಮಾತ್ರ ಎಳೆದಂಗ ಬರ್ತದ, ಯಾಕ್ರಿ?"

ಉಪಕರಣದಲ್ಲಿ ದೋಷವಿಲ್ಲ. ಆಟೋಗೈಡಿಂಗ್ ಎಂದರೆ ಒಂದು ಚಿಕ್ಕ ದೂರದರ್ಶಕ ಮತ್ತು ಕ್ಯಾಮೆರಾ ಸೇರಿ ಒಂದು ನಕ್ಷತ್ರವನ್ನು ಸತತವಾಗಿ ನೋಡುತ್ತ, ಅದು ಸರಿದ ಕೂಡಲೇ ಮೌಂಟಿಗೆ, ಅಂದರೆ ದೂರದರ್ಶಕವನ್ನು ಹೊತ್ತು ತಿರುಗಿಸುವ ಆಸರೆಗೆ, ತಿದ್ದುಪಡಿ ಕಳಿಸುವ ವ್ಯವಸ್ಥೆ. ಅದು ಹಿಡಿದಿಡುವುದು ನಕ್ಷತ್ರವನ್ನು. ಧೂಮಕೇತು ಆ ನಕ್ಷತ್ರಗಳ ನಡುವೆ ತನ್ನದೇ ವೇಗದಲ್ಲಿ ಸಾಗುತ್ತಿರುತ್ತದೆ. ಹಾಗಾಗಿ ಗೈಡಿಂಗ್ ಎಷ್ಟು ಚೆನ್ನಾಗಿದ್ದರೂ ಎಕ್ಸ್‌ಪೋಶರ್, ಅಂದರೆ ಒಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತು, ಉದ್ದವಾದರೆ ಧೂಮಕೇತು ಅಳಿಸಿದಂತೆ ಕಾಣುವುದು ಖಚಿತ.

ಮೊದಲ ಸಲ ಮಾಡುವವರಿಗೆ ನಮ್ಮ ಸಲಹೆ ಸ್ಪಷ್ಟ: ಧೂಮಕೇತುವನ್ನೇ ಗೈಡ್ ಮಾಡಲು ಹೋಗಬೇಡಿ. ನಕ್ಷತ್ರದ ಮೇಲೆ ಗೈಡ್ ಮಾಡಿ, ಧೂಮಕೇತು ಸರಿಯುವ ಮೊದಲೇ ಎಕ್ಸ್‌ಪೋಶರ್ ನಿಲ್ಲಿಸಿ, ಅಂಥ ಹಲವು ಚಿತ್ರಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿ. ಧೂಮಕೇತುವಿನ ವೇಗದಲ್ಲೇ ಗೈಡ್ ಮಾಡುವ ವಿಧಾನವೂ ಕೆಳಗಿದೆ, ಆದರೆ ಅದು ಎರಡನೆಯ ರಾತ್ರಿಯ ಕೆಲಸ.

ಎಲ್ಲಕ್ಕೂ ಮೊದಲು ಒಂದು ಲೆಕ್ಕ

ಇದನ್ನು ಮನೆಯಲ್ಲೇ ಮಾಡಿಕೊಳ್ಳಿ. ನಿಮ್ಮ ಕ್ಯಾಮೆರಾದ ಒಂದು ಪಿಕ್ಸೆಲ್ ಆಕಾಶದ ಎಷ್ಟು ಭಾಗವನ್ನು ನೋಡುತ್ತದೆ ಎಂಬುದಕ್ಕೆ ಪಿಕ್ಸೆಲ್ ಸ್ಕೇಲ್ ಎನ್ನುತ್ತಾರೆ. ಸೂತ್ರ ಇಷ್ಟೇ:

ಪಿಕ್ಸೆಲ್ ಸ್ಕೇಲ್ = 206.265 × ಪಿಕ್ಸೆಲ್ ಅಳತೆ (ಮೈಕ್ರಾನ್) ÷ ಫೋಕಲ್ ಲೆಂತ್ (ಮಿಲಿಮೀಟರ್)

ಉತ್ತರ ಆರ್ಕ್‌ಸೆಕೆಂಡಿನಲ್ಲಿ ಬರುತ್ತದೆ. ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. 3.7 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾಕ್ಕೆ 200 ಎಂಎಂ ಲೆನ್ಸ್ ಹಾಕಿದರೆ ಪಿಕ್ಸೆಲ್‌ಗೆ ಸುಮಾರು 3.8 ಆರ್ಕ್‌ಸೆಕೆಂಡ್. 3.76 ಮೈಕ್ರಾನ್ ಕ್ಯಾಮೆರಾ, 400 ಎಂಎಂ ದೂರದರ್ಶಕ ಇದ್ದರೆ 1.94.

ಇನ್ನು ಧೂಮಕೇತುವಿನ ವೇಗ. ಮೈನರ್ ಪ್ಲಾನೆಟ್ ಸೆಂಟರ್‌ನ ಎಫೆಮೆರಿಸ್ ಪುಟದಲ್ಲೋ ನಾಸಾ ಜೆಪಿಎಲ್‌ನ ಹೊರೈಜನ್ಸ್‌ನಲ್ಲೋ ಧೂಮಕೇತುವಿನ ಹೆಸರು ಕೊಟ್ಟರೆ ಆ ಹೊತ್ತಿಗೆ ಅದು ಆಕಾಶದಲ್ಲಿ ಎಲ್ಲಿರುತ್ತದೆ, ಎಷ್ಟು ವೇಗದಲ್ಲಿ ಸರಿಯುತ್ತಿರುತ್ತದೆ ಎಂಬ ಪಟ್ಟಿ ಸಿಗುತ್ತದೆ. ಎಫೆಮೆರಿಸ್ ಎಂದರೆ ಆ ಪಟ್ಟಿಯೇ. ದಿನಕ್ಕೆ ಒಂದು ಡಿಗ್ರಿ ಸಾಗುವ ಧೂಮಕೇತು ಗಂಟೆಗೆ 150 ಆರ್ಕ್‌ಸೆಕೆಂಡ್, ಅಂದರೆ ನಿಮಿಷಕ್ಕೆ 2.5 ಆರ್ಕ್‌ಸೆಕೆಂಡ್ ಸರಿಯುತ್ತದೆ.

ಎರಡು ಪಿಕ್ಸೆಲ್‌ವರೆಗಿನ ಸರಿತ ಕಣ್ಣಿಗೆ ಬೀಳುವುದಿಲ್ಲ ಎಂದು ಇಟ್ಟುಕೊಳ್ಳಿ. 400 ಎಂಎಂ ದೂರದರ್ಶಕದಲ್ಲಿ ಎರಡು ಪಿಕ್ಸೆಲ್ ಎಂದರೆ 3.9 ಆರ್ಕ್‌ಸೆಕೆಂಡ್. ಅದನ್ನು 2.5ರಿಂದ ಭಾಗಿಸಿದರೆ ಒಂದೂವರೆ ನಿಮಿಷ. ಆ ರಾತ್ರಿ ನಿಮ್ಮ ಗರಿಷ್ಠ ಎಕ್ಸ್‌ಪೋಶರ್ 90 ಸೆಕೆಂಡ್. 200 ಎಂಎಂ ಲೆನ್ಸ್‌ಗೆ ಇದೇ ಲೆಕ್ಕ ಮೂರು ನಿಮಿಷ ಕೊಡುತ್ತದೆ. ಭೂಮಿಗೆ ಹತ್ತಿರ ಬಂದ ಧೂಮಕೇತು ಇನ್ನೂ ಬಹಳ ಚುರುಕು. 2024ರ ಅಕ್ಟೋಬರ್ ಮಧ್ಯದಲ್ಲಿ ಪಶ್ಚಿಮದಲ್ಲಿ ಬರಿಗಣ್ಣಿಗೆ ಕಂಡ ಸಿ/2023 ಎ3 ತ್ಸುಚಿನ್‌ಶಾನ್-ಅಟ್ಲಾಸ್ ಒಂದು ಸಂಜೆಯಿಂದ ಮರುಸಂಜೆಗೆ ಹಲವು ಡಿಗ್ರಿ ಮೇಲೇರುತ್ತಿತ್ತು. ಗಂಟೆಗೆ 600 ಆರ್ಕ್‌ಸೆಕೆಂಡ್ ವೇಗದ ಧೂಮಕೇತುವಿಗೆ 400 ಎಂಎಂನಲ್ಲಿ ಸಿಗುವುದು 23 ಸೆಕೆಂಡ್ ಮಾತ್ರ.

ಈ ಲೆಕ್ಕದಿಂದ ಇನ್ನೊಂದು ಉಪಕಾರವಿದೆ. ನಿಮ್ಮದು 135 ಎಂಎಂಗಿಂತ ಚಿಕ್ಕ ಲೆನ್ಸ್, ಎಕ್ಸ್‌ಪೋಶರ್ 30 ಸೆಕೆಂಡ್ ಎಂದಾದರೆ ಗೈಡಿಂಗ್ ಇಲ್ಲದೆಯೇ ಕೆಲಸ ನಡೆಯುತ್ತದೆ. ಗೈಡ್ ಕ್ಯಾಮೆರಾಕ್ಕೆ ದುಡ್ಡು ಹಾಕುವ ಮುನ್ನ ಇದನ್ನು ನೋಡಿಕೊಳ್ಳಿ.

ಎಫೆಮೆರಿಸ್ ಪಟ್ಟಿಯ ಸಮಯ ವಿಶ್ವಕಾಲಮಾನದಲ್ಲಿರುತ್ತದೆ. ನಮ್ಮ ಗಡಿಯಾರದಿಂದ 5 ಗಂಟೆ 30 ನಿಮಿಷ ಕಳೆಯಬೇಕು. ಸಂಜೆ 7 ಎಂದರೆ 13:30. ಬೆಳಗಿನ ಜಾವ 5 ಎಂದರೆ 23:30, ಅದೂ ಹಿಂದಿನ ತಾರೀಖಿನದು. ಬೆಳಗಿನ ಧೂಮಕೇತುವನ್ನು ತಪ್ಪು ಜಾಗದಲ್ಲಿ ಹುಡುಕುವವರು ಎಡವುವುದು ಸಾಮಾನ್ಯವಾಗಿ ಇಲ್ಲೇ.

ಬೇಕಾಗುವ ಸಾಮಾನು

ಮೋಟಾರಿರುವ ಈಕ್ವಟೋರಿಯಲ್ ಮೌಂಟ್, ಅಂದರೆ ಒಂದು ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಂತು ಆಕಾಶದ ಜೊತೆ ತಿರುಗುವ ಮೌಂಟ್. ಆ ಅಕ್ಷಕ್ಕೆ ಆರ್‌ಎ ಎನ್ನುತ್ತಾರೆ, ಅದಕ್ಕೆ ಅಡ್ಡಲಾಗಿರುವುದು ಡೆಕ್. ಸ್ಟಾರ್ ಅಡ್ವೆಂಚರರ್ 2ಐ ಥರದ ಚಿಕ್ಕ ಟ್ರ್ಯಾಕರ್‌ನಲ್ಲಿ ಆರ್‌ಎ ಅಕ್ಷವನ್ನಷ್ಟೇ ಗೈಡ್ ಮಾಡಲು ಬರುತ್ತದೆ. 200 ಎಂಎಂವರೆಗೆ ಅದು ಸಾಕು.

ಗೈಡ್ ಸ್ಕೋಪ್ 30 ಎಂಎಂ ವ್ಯಾಸ, 120 ಎಂಎಂ ಫೋಕಲ್ ಲೆಂತ್‌ನದಾದರೂ ಸಾಕು. ಗೈಡ್ ಕ್ಯಾಮೆರಾ ಕಪ್ಪುಬಿಳುಪಿನದೇ ಇರಲಿ, ಮಸುಕು ನಕ್ಷತ್ರಗಳೂ ಅದಕ್ಕೆ ಸಿಗುತ್ತವೆ. ಲ್ಯಾಪ್‌ಟಾಪ್, ಅದರಲ್ಲಿ ಪಿಎಚ್‌ಡಿ2 ಎಂಬ ಉಚಿತ ಗೈಡಿಂಗ್ ತಂತ್ರಾಂಶ. ಮೌಂಟಿಗೆ ಯುಎಸ್‌ಬಿ ಕೇಬಲ್ ಮತ್ತು ಆಸ್ಕಾಂ ಡ್ರೈವರ್, ಅಂದರೆ ಲ್ಯಾಪ್‌ಟಾಪ್ ಮತ್ತು ಮೌಂಟ್ ಮಾತಾಡಿಕೊಳ್ಳಲು ಬೇಕಾದ ತಂತ್ರಾಂಶ. ಟ್ರ್ಯಾಕರ್ ಆದರೆ ಗೈಡಿಂಗ್ ತಿದ್ದುಪಡಿಯನ್ನಷ್ಟೇ ಸಾಗಿಸುವ ಎಸ್‌ಟಿ-4 ಕೇಬಲ್.

ಕರೆಂಟಿಗೆ 12 ವೋಲ್ಟ್, 20 ಆಂಪಿಯರ್-ಅವರ್ ಲಿಥಿಯಂ ಫಾಸ್ಫೇಟ್ ಬ್ಯಾಟರಿ ಇದ್ದರೆ ಮೌಂಟ್ ಮತ್ತು ಲೆನ್ಸಿನ ಹೀಟರ್ ಪಟ್ಟಿ ಸೇರಿ ರಾತ್ರಿ ಕಳೆಯುತ್ತದೆ. ಮನೆಯ ಹಳೆಯ ಲೆಡ್ ಆಸಿಡ್ ಬ್ಯಾಟರಿ ಬಳಸುವುದಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ. ತೆಳು ವೈರನ್ನು ಉದ್ದಕ್ಕೆ ಎಳೆದರೆ ವೋಲ್ಟೇಜ್ ಕುಸಿದು ಮೌಂಟ್ ನಡುವೆಯೇ ನಿಂತುಬಿಡುತ್ತದೆ.

1. ಜಾಗ ಮತ್ತು ಹೊತ್ತು

ಧೂಮಕೇತುಗಳು ಬೆಳಗುವುದು ಸೂರ್ಯನ ಸಮೀಪ ಇದ್ದಾಗ. ಹಾಗಾಗಿ ಸಂಜೆ ಪಶ್ಚಿಮದಲ್ಲೋ ನಸುಕಿನಲ್ಲಿ ಪೂರ್ವದಲ್ಲೋ ತಗ್ಗಿನಲ್ಲೇ ಇರುತ್ತವೆ. ಊರಿನ ಬೆಳಕು ನಿಮ್ಮ ಬೆನ್ನ ಹಿಂದೆ ಇರುವಂತೆ ಜಾಗ ಆರಿಸಿ. ಸಂಜೆಯ ಧೂಮಕೇತುವಿಗೆ ಕಲಬುರಗಿಯವರು ಆಳಂದ ಅಥವಾ ಅಫಜಲಪುರದ ಕಡೆ ಹೋಗಬೇಕು, ಬೀದರಿನವರು ಭಾಲ್ಕಿಯ ಕಡೆ. ನಸುಕಿನದಾದರೆ ಕಲಬುರಗಿಯಿಂದ ಚಿಂಚೋಳಿ ದಿಕ್ಕು ಒಳ್ಳೆಯದು; ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಬೆಳಕು ಮತ್ತು ಧೂಳಿನಿಂದ ದೂರವಿರಿ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಡೆ ನೀರಾವರಿ ಗದ್ದೆಗಳ ಪಕ್ಕ ಚಳಿಗಾಲದಲ್ಲಿ ಇಬ್ಬನಿ ಬೇಗ ಕೂಡುತ್ತದೆ, ಅಲ್ಲಿ ಹೀಟರ್ ಪಟ್ಟಿ ಇಲ್ಲದೆ ಹೋಗಬೇಡಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ನಡೆಯುವ ಹೊಲದ ಹತ್ತಿರ ಲೆನ್ಸ್ ಬಿಚ್ಚಲೇಬೇಡಿ.

ನಮ್ಮ ಅಕ್ಷಾಂಶದಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಕೆಳಗಿಳಿಯುತ್ತಾನೆ, ಮುಳುಗಿ 75ರಿಂದ 80 ನಿಮಿಷದೊಳಗೆ ಪೂರ್ತಿ ಕತ್ತಲು. ಇದು ಲಾಭ. ಆದರೆ ಧೂಮಕೇತುವೂ ಹಾಗೆಯೇ ಇಳಿಯುತ್ತದೆ: ಪಶ್ಚಿಮದಲ್ಲಿ 10 ಡಿಗ್ರಿ ಎತ್ತರದಲ್ಲಿದ್ದರೆ ನಿಮ್ಮ ಕೈಯಲ್ಲಿರುವುದು ಸುಮಾರು 40 ನಿಮಿಷ. ಆದ್ದರಿಂದ ಆಯ್ಕೆ ಇದ್ದರೆ ಮೊದಲ ಪ್ರಯತ್ನವನ್ನು ನಸುಕಿನ ಧೂಮಕೇತುವಿನ ಮೇಲೆ ಮಾಡಿ. ಹೊಂದಿಸಿಕೊಳ್ಳಲು ಇಡೀ ರಾತ್ರಿ ಸಿಗುತ್ತದೆ, ಧೂಮಕೇತು ಹೊತ್ತು ಕಳೆದಂತೆ ಮೇಲೇರುತ್ತದೆ.

ಹೊಲದ ಯಜಮಾನರಿಗೆ ಮುಂಚೆಯೇ ಹೇಳಿ, ಊರಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಕೋಟೆಗಳು ಸಂರಕ್ಷಿತ ಸ್ಮಾರಕಗಳು, ರಾತ್ರಿ ಅಲ್ಲಿ ನಿಲ್ಲುವ ಯೋಚನೆ ಬಿಡಿ. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ. ನಕ್ಷತ್ರ ತೋರಿಸುವ ಹಸಿರು ಲೇಸರ್ ಅಲ್ಲಿ ಹೊರತೆಗೆಯಲೇಬೇಡಿ. ಪೈಲಟ್ ಕಣ್ಣಿಗೆ ಅದು ನಿಜವಾದ ಅಪಾಯ.

2. ಹಗಲಿನಲ್ಲೇ ಮುಗಿಸುವ ಕೆಲಸ

ಗೈಡ್ ಸ್ಕೋಪನ್ನು ದೂರದ ಮೊಬೈಲ್ ಟವರಿನತ್ತ ತಿರುಗಿಸಿ ಫೋಕಸ್ ಮಾಡಿ, ರಿಂಗ್ ಬಿಗಿಮಾಡಿ. ರಾತ್ರಿ ಕೂದಲೆಳೆಯಷ್ಟು ತಿದ್ದಿದರೆ ಸಾಕಾಗುತ್ತದೆ. ಮುಖ್ಯ ದೂರದರ್ಶಕ ಮತ್ತು ಗೈಡ್ ಸ್ಕೋಪ್ ಎರಡೂ ಅದೇ ಟವರಿನ ತುದಿಯನ್ನು ನೋಡುವಂತೆ ಹೊಂದಿಸಿ.

ಗೈಡ್ ಸ್ಕೋಪನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಸ್ವಲ್ಪವೂ ಕದಲಬಾರದು. ಪ್ಲಾಸ್ಟಿಕ್ ತಿರುಪಿನ ಮೇಲೆ ನಿಂತ ಗೈಡ್ ಸ್ಕೋಪ್ ಗಂಟೆಗಟ್ಟಲೆಯಲ್ಲಿ ತನ್ನ ಭಾರಕ್ಕೆ ಬಾಗುತ್ತದೆ. ಆಗ ಗೈಡ್ ನಕ್ಷತ್ರ ನಿಂತಲ್ಲೇ ಇರುತ್ತದೆ, ಮುಖ್ಯ ಚಿತ್ರ ಮಾತ್ರ ಸರಿಯುತ್ತದೆ. ಜೋತಾಡುವ ಕೇಬಲ್‌ಗಳನ್ನು ವೆಲ್ಕ್ರೋ ಪಟ್ಟಿಯಿಂದ ಕಟ್ಟಿ.

ಮೌಂಟನ್ನು ಎರಡೂ ಕಡೆಗೆ ಕೈಯಿಂದ ಪೂರ್ತಿ ತಿರುಗಿಸಿ. ನಮ್ಮಲ್ಲಿ ಆರ್‌ಎ ಅಕ್ಷ ನೆಲಕ್ಕೆ 17 ಡಿಗ್ರಿಯಷ್ಟೇ ಎದ್ದಿರುತ್ತದೆ. ಇಷ್ಟು ತಗ್ಗಿನಲ್ಲಿ ಕೌಂಟರ್‌ವೇಟ್, ಅಂದರೆ ಸಮತೋಲನದ ಭಾರ, ಟ್ರೈಪಾಡ್ ಕಾಲಿಗೆ ತಗಲುವ ಮೌಂಟ್‌ಗಳಿವೆ. ತಗಲಿದರೆ ಭಾರವನ್ನು ಮೇಲಕ್ಕೆ ಸರಿಸಿ ಇನ್ನೊಂದು ಬಿಲ್ಲೆ ಸೇರಿಸಿ, ಇಲ್ಲವೇ ಮೌಂಟ್ ಕೆಳಗೆ ಎಕ್ಸ್‌ಟೆನ್ಶನ್ ಕಂಬ ಹಾಕಿ.

3. ನಿಲ್ಲಿಸುವುದು, ಧ್ರುವಕ್ಕೆ ಹೊಂದಿಸುವುದು

ಎರೆ ಮಣ್ಣಿನಲ್ಲಿ ಟ್ರೈಪಾಡ್ ನೇರವಾಗಿ ಊರಬೇಡಿ. ಮೇಲೆ ಗಟ್ಟಿ ಕಂಡರೂ ಒಳಗೆ ಬಿರುಕಿರುತ್ತದೆ, ತೇವವಿದ್ದರೆ ಕಾಲು ನಿಧಾನಕ್ಕೆ ಇಳಿಯುತ್ತಲೇ ಹೋಗುತ್ತದೆ. ಅಂಗೈಯಗಲದ ಮೂರು ಶಹಾಬಾದ್ ಫರ್ಸಿ ತುಂಡುಗಳನ್ನು ಗಾಡಿಯಲ್ಲಿಟ್ಟುಕೊಂಡು ಹೋಗಿ, ಒಂದೊಂದು ಕಾಲಿನ ಕೆಳಗೆ ಒಂದೊಂದು ಇಡಿ. ಮನೆ ಕಟ್ಟುವ ಜಾಗದಲ್ಲಿ ಒಡೆದ ತುಂಡು ಬೇಕಾದಷ್ಟು ಸಿಗುತ್ತವೆ. ಫರ್ಸಿ ಅಲುಗಾಡದಂತೆ ಕೆಳಗಿನ ಮಣ್ಣನ್ನು ಕಾಲಿನಿಂದ ತುಳಿದು ಸಮ ಮಾಡಿ. ಕಾಲುಗಳನ್ನು ಪೂರ್ತಿ ಎತ್ತರಿಸಬೇಡಿ, ತಗ್ಗಾಗಿ ನಿಂತಷ್ಟೂ ಗಾಳಿಯ ಕಾಟ ಕಡಿಮೆ.

ಮೌಂಟಿನ ಅಕ್ಷಾಂಶ ಮಾಪಕವನ್ನು ಕಲಬುರಗಿಗೆ 17.3, ಬೀದರ್‌ಗೆ 17.9, ಯಾದಗಿರಿಗೆ 16.8 ಡಿಗ್ರಿಗೆ ಇಡಿ. ಧ್ರುವ ನಕ್ಷತ್ರ ನಮ್ಮಲ್ಲಿ ಅಷ್ಟೇ ಎತ್ತರದಲ್ಲಿ ಕಾಣುವುದು. ಉತ್ತರಕ್ಕೆ ಬೇವಿನ ಮರವಿದ್ದರೆ, ಮಂಜು ಕವಿದಿದ್ದರೆ ಸಿಗುವುದೇ ಇಲ್ಲ. ಸಿಕ್ಕರೂ ಅದರ ಮೇಲೆ ನೇರ ಗುರಿಯಿಡಬೇಡಿ: ನಿಜವಾದ ಧ್ರುವ ಅದರಿಂದ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ಆಚೆಗಿದೆ. ಪೋಲಾರ್ ಸ್ಕೋಪಿನ (ಆರ್‌ಎ ಅಕ್ಷದ ನೇರಕ್ಕೆ ನೋಡುವ ಚಿಕ್ಕ ದೂರದರ್ಶಕ) ವೃತ್ತದಲ್ಲಿ ಆ ಹೊತ್ತಿಗೆ ಧ್ರುವ ನಕ್ಷತ್ರ ಎಲ್ಲಿರಬೇಕು ಎಂದು ಮೊಬೈಲ್ ಆ್ಯಪ್ ತೋರಿಸುತ್ತದೆ, ಅಲ್ಲಿಡಿ.

ಧ್ರುವ ಕಾಣದಿದ್ದವರಿಗೆ ಎರಡು ದಾರಿ. ನೀನಾ ಎಂಬ ಉಚಿತ ತಂತ್ರಾಂಶದ ಮೂರು-ಬಿಂದು ವಿಧಾನ ಆಕಾಶದ ಬೇರೆ ಭಾಗದ ಮೂರು ಚಿತ್ರ ತೆಗೆದು ಅಕ್ಷ ಎಷ್ಟು ತಪ್ಪಿದೆ ಎಂದು ಹೇಳುತ್ತದೆ. ಪಿಎಚ್‌ಡಿ2ನಲ್ಲಿರುವ ಡ್ರಿಫ್ಟ್ ಅಲೈನ್ ನಿಧಾನ, ಆದರೆ ಯಾವ ಮೌಂಟಿಗೂ ನಡೆಯುತ್ತದೆ: ನಕ್ಷತ್ರ ಡೆಕ್ ದಿಕ್ಕಿನಲ್ಲಿ ಎತ್ತ ಜಾರುತ್ತದೆ ಎಂದು ನೋಡುತ್ತ ಮೌಂಟಿನ ತಿರುಪು ತಿರುಗಿಸುವುದು. ತಪ್ಪು 5 ಆರ್ಕ್‌ಮಿನಿಟ್‌ಗಿಂತ ಕಡಿಮೆಯಾದರೆ ಸಾಕು, ಮುಂದಿನ ಹಂತಕ್ಕೆ ಹೋಗಿ. ಆರ್ಕ್‌ಮಿನಿಟ್ ಎಂದರೆ ಡಿಗ್ರಿಯ 60ನೇ ಒಂದು ಪಾಲು.

4. ಪಿಎಚ್‌ಡಿ2 ಸಿದ್ಧಪಡಿಸುವುದು

ಹೊಸ ಪ್ರೊಫೈಲ್ ತೆರೆದಾಗ ಫೋಕಲ್ ಲೆಂತ್ ಕೇಳುತ್ತದೆ. ಅಲ್ಲಿ ಗೈಡ್ ಸ್ಕೋಪಿನದು ಬರೆಯಬೇಕು, ಮುಖ್ಯ ದೂರದರ್ಶಕದ್ದಲ್ಲ. ಇದು ತಪ್ಪಿದರೆ ಮುಂದೆ ತೋರಿಸುವ ಆರ್ಕ್‌ಸೆಕೆಂಡ್‌ಗಳೆಲ್ಲ ಸುಳ್ಳು. ಗೈಡ್ ಎಕ್ಸ್‌ಪೋಶರ್ 2 ಸೆಕೆಂಡ್ ಇಡಿ. ಧೂಮಕೇತು ತಗ್ಗಿನಲ್ಲಿದ್ದು ನಕ್ಷತ್ರಗಳು ಬಹಳ ಮಿಣುಕುತ್ತಿದ್ದರೆ 3. ಮೌಂಟಿನ ಗೈಡ್ ವೇಗ 0.5, ಅಂದರೆ ಆಕಾಶ ತಿರುಗುವ ವೇಗದ ಅರ್ಧ, ಇರಲಿ.

ಆಮೇಲೆ ಗೈಡ್ ಸ್ಕೋಪಿಗೆ ಮುಚ್ಚಳ ಹಾಕಿ ಡಾರ್ಕ್ ಲೈಬ್ರರಿ ಮಾಡಿಸಿ. ಡಾರ್ಕ್ ಎಂದರೆ ಬೆಳಕಿಲ್ಲದೆ ತೆಗೆದ ಚಿತ್ರ. ಸೆನ್ಸರಿನಲ್ಲಿ ತಾನಾಗಿ ಹೊಳೆಯುವ ಹಾಟ್ ಪಿಕ್ಸೆಲ್‌ಗಳು ಯಾವುವು ಎಂದು ತಂತ್ರಾಂಶಕ್ಕೆ ಇದರಿಂದ ಗೊತ್ತಾಗುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಗೆ ಗೈಡ್ ಕ್ಯಾಮೆರಾದಲ್ಲಿ ಹಾಟ್ ಪಿಕ್ಸೆಲ್ ತುಂಬಿರುತ್ತವೆ. ಡಾರ್ಕ್ ಇಲ್ಲದಿದ್ದರೆ ಪಿಎಚ್‌ಡಿ2 ಅವುಗಳಲ್ಲೊಂದನ್ನು ನಕ್ಷತ್ರವೆಂದು ಹಿಡಿದುಬಿಡುತ್ತದೆ. ಗುರುತು ಸುಲಭ: ಗ್ರಾಫ್ ಗೆರೆ ಕೊರೆದಂತೆ ನೇರವಾಗಿರುತ್ತದೆ, ಚಿತ್ರದಲ್ಲಿ ನಕ್ಷತ್ರಗಳೆಲ್ಲ ಗೀರುಗಳು. ಅಷ್ಟು ನೇರ ಗ್ರಾಫ್ ಕಂಡರೆ ಖುಷಿಪಡಬೇಡಿ, ನಕ್ಷತ್ರ ಬದಲಿಸಿ.

5. ಕ್ಯಾಲಿಬ್ರೇಶನ್

ಪಿಎಚ್‌ಡಿ2 ಮೌಂಟನ್ನು ನಾಲ್ಕೂ ದಿಕ್ಕಿಗೆ ಸ್ವಲ್ಪ ಸ್ವಲ್ಪ ನೂಕಿ, ಯಾವ ಆದೇಶಕ್ಕೆ ನಕ್ಷತ್ರ ಎಷ್ಟು ಸರಿಯಿತು ಎಂದು ಅಳೆದುಕೊಳ್ಳುವುದೇ ಕ್ಯಾಲಿಬ್ರೇಶನ್. ಇದನ್ನು ಧೂಮಕೇತುವಿನ ಬಳಿ ಮಾಡಬೇಡಿ. ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರ ಮೇಲೆ ಆಕಾಶದಲ್ಲಿ ಕಲ್ಪಿಸಿಕೊಳ್ಳುವ ವೃತ್ತ) ಹತ್ತಿರ, ಎತ್ತರದಲ್ಲಿರುವ ನಕ್ಷತ್ರದ ಮೇಲೆ ಮಾಡಿ. ಚಳಿಗಾಲದ ರಾತ್ರಿಯಲ್ಲಿ ಓರಿಯನ್ನನ ನಡುಪಟ್ಟಿಯ ಮೂರು ನಕ್ಷತ್ರಗಳ ಸುತ್ತಲಿನ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ಆಸ್ಕಾಂ ಮೂಲಕ ಜೋಡಿಸಿದ್ದರೆ ಬೇರೆ ದಿಕ್ಕಿಗೆ ಹೋದಾಗ ತಂತ್ರಾಂಶವೇ ಲೆಕ್ಕ ಹೊಂದಿಸಿಕೊಳ್ಳುತ್ತದೆ. ಎಸ್‌ಟಿ-4 ಆದರೆ ಆ ಅನುಕೂಲ ಇಲ್ಲ, ಜಾಗ ಬದಲಿಸಿದಾಗ ಮತ್ತೆ ಮಾಡಬೇಕು.

"ನಕ್ಷತ್ರ ಸಾಕಷ್ಟು ಸರಿಯಲಿಲ್ಲ" ಎಂಬರ್ಥದ ಸಂದೇಶ ಬಂದರೆ ಮೊದಲು ಕೇಬಲ್ ನೋಡಿ, ಆಮೇಲೆ ಮೌಂಟ್ ಟ್ರ್ಯಾಕ್ ಮಾಡುತ್ತಿದೆಯೇ ನೋಡಿ, ಕೊನೆಗೆ ಹಿಡಿದದ್ದು ಹಾಟ್ ಪಿಕ್ಸೆಲ್ ಅಲ್ಲವೇ ನೋಡಿ. ಆರ್‌ಎ ಮಾತ್ರ ಇರುವ ಟ್ರ್ಯಾಕರಿನವರು ಡೆಕ್ ಗೈಡಿಂಗ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ಕ್ಯಾಲಿಬ್ರೇಶನ್ ಅಲ್ಲೇ ಸಿಕ್ಕಿಬೀಳುತ್ತದೆ.

ಸಂಜೆಯ ಧೂಮಕೇತುವಿಗೆ ಇದಕ್ಕೆಲ್ಲ ಸಮಯ ಸಾಲದು. ಹಿಂದಿನ ರಾತ್ರಿ ಮಾಳಿಗೆಯ ಮೇಲೆ ಕ್ಯಾಲಿಬ್ರೇಶನ್ ಮಾಡಿ, ಗೈಡ್ ಕ್ಯಾಮೆರಾವನ್ನು ಒಂದಿಷ್ಟೂ ತಿರುಗಿಸದೆ ಹಾಗೆಯೇ ಒಯ್ದರೆ ಆಸ್ಕಾಂ ಜೋಡಣೆಯವರು ಅದನ್ನೇ ಬಳಸಬಹುದು.

6. ಧೂಮಕೇತುವಿನತ್ತ

ಧೂಮಕೇತುವನ್ನು ಚೌಕಟ್ಟಿನ ನಡುವೆ ಇಡಬೇಡಿ. ಬಾಲ ಸೂರ್ಯನಿಂದ ಆಚೆಗೆ ಚಾಚಿರುತ್ತದೆ, ಆ ಕಡೆ ಹೆಚ್ಚು ಜಾಗ ಬಿಡಿ.

ಈಗ ಗೈಡಿಂಗ್ ಶುರುಮಾಡಿ. ನಕ್ಷತ್ರವನ್ನು ಪಿಎಚ್‌ಡಿ2ಗೇ ಆರಿಸಲು ಬಿಡಿ, ಆದರೆ ಅದು ಧೂಮಕೇತುವಿನ ತಲೆಯನ್ನೇ ಹಿಡಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಹತ್ತು ನಿಮಿಷ ಓಡಲಿ. ಪರದೆಯಲ್ಲಿ ಕಾಣುವ ಆರ್‌ಎಂಎಸ್ ಎಂಬುದು ಸರಾಸರಿ ಅಲುಗಾಟದ ಅಳತೆ. ಅದು ನಿಮ್ಮ ಮುಖ್ಯ ಕ್ಯಾಮೆರಾದ ಪಿಕ್ಸೆಲ್ ಸ್ಕೇಲ್‌ಗಿಂತ ಕಡಿಮೆ ಇದ್ದರೆ ಕೆಲಸ ಆಯಿತು. 1.94 ಆರ್ಕ್‌ಸೆಕೆಂಡಿನವರಿಗೆ 1.2 ಆರ್‌ಎಂಎಸ್ ಚೆನ್ನಾಗಿಯೇ ಇದೆ. ಅದನ್ನು 0.5ಕ್ಕೆ ಇಳಿಸಲು ಸೆಟ್ಟಿಂಗ್ ತಿರುವುತ್ತ ಕೂತರೆ ಧೂಮಕೇತು ಮುಳುಗಿಹೋಗುತ್ತದೆ. ಹಾಗೆ ಕಳೆದುಹೋದ ಸಂಜೆಗೆ ಪರಿಹಾರವಿಲ್ಲ. ದೀರ್ಘಾವಧಿಯ ಧೂಮಕೇತು ನಮ್ಮ ಜೀವಮಾನದಲ್ಲಿ ಮತ್ತೆ ಬರುವುದಿಲ್ಲ.

ಗ್ರಾಫ್ ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಜಿಗಿಯುತ್ತಿದ್ದರೆ ತಿದ್ದುಪಡಿ ಹೆಚ್ಚಾಗಿದೆ, ಅಗ್ರೆಸಿವ್‌ನೆಸ್ (ಕಂಡ ತಪ್ಪಿನ ಎಷ್ಟು ಪಾಲನ್ನು ತಿದ್ದಬೇಕೆಂಬ ಸೆಟ್ಟಿಂಗ್) ಇಳಿಸಿ. ಡೆಕ್ ಗೆರೆ ಒಂದೇ ಕಡೆ ಜಾರುತ್ತ ತಿದ್ದುಪಡಿಗೆ ತಡವಾಗಿ ಸ್ಪಂದಿಸಿದರೆ ಅದು ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಚಕ್ರಗಳ ನಡುವಿನ ಸಡಿಲ. ಜಾರುವ ದಿಕ್ಕಿಗೆ ವಿರುದ್ಧವಾಗಿ ಮಾತ್ರ ತಿದ್ದುವಂತೆ ಡೆಕ್ ಮೋಡನ್ನು ಉತ್ತರ ಅಥವಾ ದಕ್ಷಿಣಕ್ಕೆ ಸೀಮಿತಗೊಳಿಸಿ.

7. ಚಿತ್ರ ತೆಗೆಯುವುದು

ಲೆಕ್ಕದಲ್ಲಿ ಬಂದ ಗರಿಷ್ಠ ಎಕ್ಸ್‌ಪೋಶರ್ ಮೀರಬೇಡಿ. ಸಂಜೆಯ ಬೆಳಕಿದ್ದರೆ ಇನ್ನೂ ಕಡಿಮೆ ಮಾಡಿ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ), ಐಎಸ್‌ಒ 800 ಅಥವಾ 1600. ಕನಿಷ್ಠ 30 ಚಿತ್ರ ಬೇಕು. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ನೋಡಿ, ನಡುವೆ ಬದಲಿಸಬೇಡಿ. ಧೂಮಕೇತು ಎಷ್ಟು ಸರಿಯಿತು ಎಂದು ಸ್ಟ್ಯಾಕಿಂಗ್ ತಂತ್ರಾಂಶ, ಅಂದರೆ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ತಂತ್ರಾಂಶ, ಲೆಕ್ಕ ಹಾಕುವುದು ಫೈಲಿನಲ್ಲಿರುವ ಸಮಯದಿಂದಲೇ.

ಮೂರು ನಾಲ್ಕು ಚಿತ್ರಕ್ಕೊಮ್ಮೆ ಡಿದರಿಂಗ್ ಮಾಡಿ, ಅಂದರೆ ಚೌಕಟ್ಟನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸಿ. ಧೂಮಕೇತು ತಾನೇ ಸರಿಯುತ್ತದಲ್ಲ ಎಂದು ಇದನ್ನು ಬಿಡುವವರಿದ್ದಾರೆ. ಅದು ಸರಿಯುವುದು ಒಂದೇ ದಿಕ್ಕಿಗೆ. ಹಾಗಾಗಿ ಹಾಟ್ ಪಿಕ್ಸೆಲ್‌ಗಳು ಎಲ್ಲ ಕೂಡಿಸಿದ ಅಂತಿಮ ಚಿತ್ರದಲ್ಲಿ ಓರೆ ಗೀರುಗಳಾಗಿ ಮೂಡುತ್ತವೆ.

ಮುಗಿದ ಕೂಡಲೇ, ಕ್ಯಾಮೆರಾ ಅದೇ ಬಿಸಿಯಲ್ಲಿರುವಾಗ, ಮುಚ್ಚಳ ಹಾಕಿ ಅದೇ ಎಕ್ಸ್‌ಪೋಶರಿನ 20 ಡಾರ್ಕ್ ತೆಗೆಯಿರಿ.

8. ಎರಡನೆಯ ರಾತ್ರಿಗೆ: ಧೂಮಕೇತುವಿನ ವೇಗದಲ್ಲೇ ಗೈಡಿಂಗ್

ಮಸುಕಾದ ಧೂಮಕೇತುವಿಗೆ ಉದ್ದ ಎಕ್ಸ್‌ಪೋಶರ್ ಬೇಕೆನಿಸಿದರೆ ಪಿಎಚ್‌ಡಿ2ನ ಟೂಲ್ಸ್ ಪಟ್ಟಿಯಲ್ಲಿ ಕಾಮೆಟ್ ಟ್ರ್ಯಾಕಿಂಗ್ ಇದೆ. ಗೈಡಿಂಗ್ ನಕ್ಷತ್ರದ ಮೇಲೆಯೇ ನಡೆಯುತ್ತದೆ, ಆದರೆ ಆ ನಕ್ಷತ್ರ ನಿಲ್ಲಬೇಕಾದ ಬಿಂದುವನ್ನೇ ತಂತ್ರಾಂಶ ನಿಧಾನವಾಗಿ ಸರಿಸುತ್ತ ಹೋಗುತ್ತದೆ. ಅಕ್ಷಗಳನ್ನು ಆರ್‌ಎ/ಡೆಕ್ ಎಂದೂ ಮಾನವನ್ನು ಗಂಟೆಗೆ ಆರ್ಕ್‌ಸೆಕೆಂಡ್ ಎಂದೂ ಆರಿಸಿ, ಎಫೆಮೆರಿಸ್‌ನ ಎರಡು ವೇಗಗಳನ್ನು ಪ್ಲಸ್ ಮೈನಸ್ ಸಮೇತ ಬರೆಯಿರಿ. ಮೈನರ್ ಪ್ಲಾನೆಟ್ ಸೆಂಟರ್ ಕೆಲವೊಮ್ಮೆ ನಿಮಿಷದ ಲೆಕ್ಕ ಕೊಡುತ್ತದೆ, 60ರಿಂದ ಗುಣಿಸಬೇಕು.

ಪರೀಕ್ಷೆಗೆ ಐದು ನಿಮಿಷದ ಒಂದು ಚಿತ್ರ ತೆಗೆಯಿರಿ. ಧೂಮಕೇತುವಿನ ತಲೆಯ ನಡುವಿನ ಹೊಳೆಯುವ ಬಿಂದು ದುಂಡಗಿದ್ದು ನಕ್ಷತ್ರಗಳು ಗೀರಾದರೆ ಸರಿ. ಆ ಬಿಂದು ಸಾಮಾನ್ಯ ಗೈಡಿಂಗ್‌ನಲ್ಲಿ ಎಳೆಯುತ್ತಿದ್ದುದರ ಎರಡರಷ್ಟು ಎಳೆದರೆ ಪ್ಲಸ್ ಮೈನಸ್ ತಿರುಗುಮುರುಗಾಗಿದೆ.

9. ಎರಡು ಸಲ ಸ್ಟ್ಯಾಕ್ ಮಾಡುವುದು

ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎರಡೂ ಉಚಿತ. ಸಿರಿಲ್‌ನಲ್ಲಿ ಮೊದಲು ಚಿತ್ರಗಳನ್ನು ನಕ್ಷತ್ರಗಳ ಮೇಲೆ ಹೊಂದಿಸಿ ಒಂದು ಸ್ಟ್ಯಾಕ್ ಮಾಡಿ: ನಕ್ಷತ್ರ ಚೂಪು, ಧೂಮಕೇತು ಎಳೆದದ್ದು. ಆಮೇಲೆ ಕಾಮೆಟ್ ರಿಜಿಸ್ಟ್ರೇಶನ್ ಆರಿಸಿ, ಮೊದಲ ಮತ್ತು ಕೊನೆಯ ಚಿತ್ರದಲ್ಲಿ ಧೂಮಕೇತುವಿನ ತಲೆಯ ನಡುಬಿಂದುವನ್ನು ಗುರುತಿಸಿ ಮತ್ತೊಂದು ಸ್ಟ್ಯಾಕ್ ಮಾಡಿ. ಅಲ್ಲಿ ತೋರುವ ವೇಗ, ಒಂದೇ ಮಾನಕ್ಕೆ ತಂದು ನೋಡಿದರೆ, ಎಫೆಮೆರಿಸ್‌ನದಕ್ಕೆ ಹತ್ತಿರವಿರಬೇಕು; ಇಲ್ಲದಿದ್ದರೆ ಬಿಂದು ತಪ್ಪಾಗಿ ಗುರುತಿಸಿದ್ದೀರಿ.

ಈ ಎರಡನೆಯ ಸ್ಟ್ಯಾಕಿನಲ್ಲಿ ಸಿಗ್ಮಾ ಕ್ಲಿಪ್ಪಿಂಗ್ ಆನ್ ಇರಲಿ. ಹೆಚ್ಚಿನ ಚಿತ್ರಗಳಲ್ಲಿ ಇಲ್ಲದ್ದು ಒಂದೆರಡರಲ್ಲಿ ಕಂಡರೆ ಅದನ್ನು ತೆಗೆದುಹಾಕುವ ವಿಧಾನ ಇದು, ನಕ್ಷತ್ರಗಳ ಗೀರು ಅಳಿಯುವುದು ಇದರಿಂದಲೇ. 10 ಚಿತ್ರವಿದ್ದರೆ ಗೀರಿನ ಕಲೆ ಉಳಿಯುತ್ತದೆ, 30 ದಾಟಿದರೆ ಬಹುಪಾಲು ಹೋಗುತ್ತದೆ. ಮೊದಲ ಚಿತ್ರದಿಂದ ಕೊನೆಯದರವರೆಗೆ ಧೂಮಕೇತು ನಕ್ಷತ್ರದ ಅಗಲಕ್ಕಿಂತ ಹಲವು ಪಟ್ಟು ಸರಿದಿರಲೂ ಬೇಕು. ನಿಧಾನ ಧೂಮಕೇತುವಿಗೆ ಚಿತ್ರಗಳನ್ನು ಒತ್ತೊತ್ತಾಗಿ ತೆಗೆಯುವ ಬದಲು ಒಂದು ಗಂಟೆಗೆ ಹರಡಿ ತೆಗೆದರೆ ಗೀರು ಹೆಚ್ಚು ಸ್ವಚ್ಛವಾಗಿ ಅಳಿಯುತ್ತದೆ. ಎರಡೂ ಸ್ಟ್ಯಾಕ್‌ಗಳನ್ನು ಜಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಪದರಗಳಾಗಿ ತೆರೆದು, ಧೂಮಕೇತುವಿನ ಪದರವನ್ನು ಕೆಳಗಿಟ್ಟು, ನಕ್ಷತ್ರದ ಪದರದಲ್ಲಿ ತಲೆ ಮತ್ತು ಬಾಲವಿರುವ ಭಾಗವನ್ನು ಮಾಸ್ಕ್‌ನಿಂದ ಮರೆಮಾಡಿ ಸೇರಿಸಿ. ಮೂಲ ರಾ ಫೈಲ್‌ಗಳನ್ನು ಅಳಿಸಬೇಡಿ, ಅವುಗಳ ಸಮಯದ ದಾಖಲೆ ಹಾಳಾಗುವಂತೆ ಬೇರೆ ರೂಪಕ್ಕೆ ಬದಲಿಸಲೂ ಬೇಡಿ.